ಜೋಹಾನ್ಸ್‌ಬರ್ಗಿನ ಮಳೆ, ಕಂಪಲಾಪುರದ ಮೆದೆ

ಕಂಪಲಾಪುರ
21-1-1997, ಮಂಗಳವಾರ

ರೂಪ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಕೈಲಿ ಬೈಸಿಕೊಳ್ಳುವುದಕ್ಕೆ ತಯಾರಾಗಿ ಕೂತಿದ್ದೇನೆ, ಬೈದು ಮುಗಿಸು.

ಇವತ್ತು ಬೆಳಿಗ್ಗೆ ಏಳಕ್ಕೆ ಚನ್ನಬಸವಣ್ಣನ ಅಂಗಡಿಯ ಫೋನಿಗೆ ಸುದ್ದಿ ಬಂತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ ಅಂತ. ಅವ್ವ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಹೋಗಿ ಬೀದಿಯವರಿಗೆಲ್ಲ ಹಂಚಿ ಬಂದಳು. ನನಗೆ ಮಾತ್ರ ಒಂದು ಚಿಟಿಕೆಯೂ ಉಳಿಸಲಿಲ್ಲ. ಮಗು ನಿನ್ನ ಹಾಗಿದ್ದರೆ ಒಳ್ಳೆಯದು, ನನ್ನ ಮೂಗು ಬಂದಿದ್ದರೆ ಮುಂದೆ ಗಂಡು ಹುಡುಕುವುದು ಕಷ್ಟ.

ನಿನ್ನೆ ಮಧ್ಯಾಹ್ನ ಮೂರೂವರೆಗೆ ‘ನೋವು ಕಾಣಿಸಿಕೊಂಡಿದೆ, ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇವೆ, ಅಳಿಯಂದಿರನ್ನು ಕಳಿಸಿ’ ಅಂತ ಫೋನ್ ಬಂದದ್ದು ನಿಜ. ನಾನು ಹೊರಟು ನಿಂತದ್ದೂ ನಿಜ. ಅಷ್ಟರಲ್ಲಿ ಮಳೆ ಬಂತು ಕಣೆ. ಈ ಪುಷ್ಯ ಮಾಸದಲ್ಲಿ ಯಾರಾದರೂ ಮಳೆ ಕಂಡಿದ್ದಾರಾ? ರಾಗಿ ಮೆದೆ ಬಿಚ್ಚಿ ಕಣದ ತುಂಬಾ ಹರಡಿದ್ದೆವು. ಮನೆಯಲ್ಲಿ ನಾನೊಬ್ಬ, ಅವ್ವ ಒಬ್ಬಳು. ಟಾರ್ಪಾಲು ಎಳೆದು ಒಂದು ಕಡೆ ಮುಚ್ಚುವಷ್ಟರಲ್ಲಿ ಇನ್ನೊಂದು ಕಡೆ ನೆನೆಯುತ್ತಿತ್ತು. ಅರ್ಧ ಮೆದೆ ತೊಯ್ದು ಮುದ್ದೆಯಾಯಿತು. ಕೈ ಬಿಡುವಾಗಿ ನೋಡಿದರೆ ಕೊನೇ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು. ಈ ವರ್ಷ ಮಳೆರಾಯನಿಗೆ ಎಲ್ಲೆಲ್ಲೂ ಕೆಲಸವಂತೆ. ಆಫ್ರಿಕಾದಲ್ಲಿ ನಮ್ಮವರು ಗೆಲ್ಲಬೇಕಿದ್ದ ಮ್ಯಾಚೂ ಮಳೆಯಿಂದಾಗಿ ಡ್ರಾ ಆಯಿತು ಅಂತ ಅಂಗಡಿಯಲ್ಲಿ ಯಾರೋ ಮಾತಾಡಿಕೊಳ್ಳುತ್ತಿದ್ದರು.

ಇವತ್ತೇ ಓಡಿ ಬರಬೇಕೆಂದರೆ ಅವ್ವ ಬಿಡಲಿಲ್ಲ. ಪುರುಡು ಕಳೆಯುವವರೆಗೆ ತಂದೆ ಮಗುವಿನ ಮುಖ ನೋಡುವ ಹಾಗಿಲ್ಲವಂತೆ. ಹನ್ನೊಂದನೇ ದಿನ, 31ನೇ ತಾರೀಕು ಶುಕ್ರವಾರ, ಇಬ್ಬರೂ ಬರುತ್ತೇವೆ. ಅಂಚೆಗೆ ಹಾಕಿದರೆ ತಡವಾಗುತ್ತದೆಂದು ಕೋಟೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ.

ನಿನ್ನ,
ಧರ್ಮೇಂದ್ರ


ಅಂತರಸಂತೆ
23-1-1997, ಬೆಳಗಿನ ಜಾವ

ನಿಮಗೆ,

ಬಾಣಂತಿ ಓದಬಾರದು, ಬರೆಯಬಾರದು, ಕಣ್ಣು ಹೋಗುತ್ತದೆ ಎಂದು ಅಮ್ಮ ಪೆನ್ನು ಎತ್ತಿಟ್ಟಿದ್ದಾಳೆ. ಅವಳು ನೀರು ಕಾಯಿಸುತ್ತಿರುವಾಗ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ವಕ್ರವಾಗಿದ್ದರೆ ನಗಬೇಡಿ.

ನಿಮ್ಮ ಮೇಲೆ ಕೋಪ ಬಂದಿತ್ತು. ಸುಳ್ಳು ಹೇಳುವುದಿಲ್ಲ. ಸೋಮವಾರ ರಾತ್ರಿಯೆಲ್ಲ ಬಾಗಿಲ ಕಡೆಯೇ ನೋಡುತ್ತಿದ್ದೆ. ಪಕ್ಕದ ಮಂಚದವಳು ‘ನಿಮ್ಮ್ ಯಜಮಾನ್ರು ಬರ್ನಿಲ್ವಾ?’ ಅಂತ ಎರಡು ಸಲ ಕೇಳಿದಳು. ನಿಮ್ಮ ಕಾಗದ ಓದಿದ ಮೇಲೆ ಎಲ್ಲ ಇಳಿಯಿತು. ವರ್ಷದ ಅನ್ನ ಮಳೆಯಲ್ಲಿ ಬಿದ್ದಿರುವಾಗ ಬಿಟ್ಟು ಬನ್ನಿ ಅನ್ನುವುದಕ್ಕೆ ನಾನೇನು ಪೇಟೆಯವಳೇ?

ಅಪ್ಪನಿಗೆ ಓದು ಬರುವುದಿಲ್ಲವಲ್ಲ, ಜೋರಾಗಿ ಓದಿ ಹೇಳಿದೆ. ಕೇಳುತ್ತಾ ಕೇಳುತ್ತಾ ಎದ್ದೇ ನಿಂತರು. ‘ನೆಂದ ಮೆದೆ ಮೂರು ದಿವ್ಸಕ್ಕೆ ಮೊಳಕೆ ಒಡೀತದೆ ಕಣವ್ವ. ಒಬ್ನೇ ಗಂಡಾಳು, ವಯಸ್ಸಾದ ತಾಯಿ. ಬೀಗರ ಕಣ ನೆಂದೋಗ್ಲಿ ಅಂತ ಕೂತಿರಕ್ಕಾದದಾ?’ ಅಂದರು. ಮೇಲಿನ ಬೀದಿಯ ಸಣ್ಣಬೀರಯ್ಯ, ದಾಸಯ್ಯ, ಹೀಗೆ ಏಳು ಜನರನ್ನು ಮುಯ್ಯಾಳಾಗಿ ಕರೆದಿದ್ದಾರೆ. ಕೂಲಿಯ ಮಾತೇ ಇಲ್ಲ. ಇವತ್ತು ಅವರು ನಿಮ್ಮ ಕಣಕ್ಕೆ, ನಾಳೆ ನೀವು ಅವರ ಹೊಲಕ್ಕೆ. ಅಪ್ಪನೂ ಸೇರಿ ಎಂಟು ಆಳು, ಮೊದಲ ಬಸ್ಸಿಗೆ ಹೊರಡುತ್ತಿದ್ದಾರೆ. ಎರಡು ಟಾರ್ಪಾಲು ಸುತ್ತಿಕೊಂಡಿದ್ದಾರೆ. ಈ ಕಾಗದ ಅಪ್ಪನ ಜೇಬಿನಲ್ಲೇ ಬರುತ್ತದೆ.

ನಮ್ಮ ಭತ್ತದ ರಾಶಿ ಇನ್ನೂ ಕಣದಲ್ಲೇ ಇದೆ. ಕಾಡಿನಂಚು, ಸರದಿಯ ಮೇಲೆ ಕಾಯುವವರೂ ಈ ಎಂಟು ಜನವೇ. ಅಮ್ಮ ಹಿಂದೆ ಮುಂದೆ ನೋಡಿದಳು. ‘ಒಂದ್ ರಾತ್ರಿ ತಾನೇ ಬುಡು’ ಅಂದರು ಅಪ್ಪ.

ಮೂಗು ನಿಮ್ಮದೇ. ಏನೂ ಮಾಡುವ ಹಾಗಿಲ್ಲ.

ರೂಪಶ್ರೀ


ಕಂಪಲಾಪುರ
25-1-1997

ರೂಪ,

ಮಾವ ನಿನ್ನ ಕಾಗದ ಕೊಟ್ಟರು. ಪೆನ್ಸಿಲ್ಲಾದರೂ ಅಕ್ಷರ ಚೆನ್ನಾಗಿಯೇ ಇದೆ.

ಗುರುವಾರ ಹನ್ನೊಂದು ಗಂಟೆಗೆ ಎಂಟೂ ಜನ ಬಂದರು. ಬಂದವರೇ ಪಂಚೆ ಎತ್ತಿ ಕಟ್ಟಿ ಕಣಕ್ಕಿಳಿದರು. ಬಿಸಿಲು ಚೆನ್ನಾಗಿತ್ತು. ರೋಣಗಲ್ಲು ಹೂಡಿ, ಬಡಿದು, ತೂರಿ, ಕತ್ತಲಾಗುವುದರೊಳಗೆ ಇಡೀ ಮೆದೆ ಒಕ್ಕಿಬಿಟ್ಟರು. ಧೂಳಿಗೆ ದಾಸಯ್ಯನಿಗೆ ಕೆಮ್ಮು ಹತ್ತಿ ಎರಡು ಚೆಂಬು ನೀರು ಕುಡಿದ. ನಾನೂ ಅವ್ವನೂ ಹದಿನೈದು ದಿನ ಎಳೆಯುತ್ತಿದ್ದ ಕೆಲಸ ಅದು.

ರಾತ್ರಿ ಮುದ್ದೆ, ಅವರೆಕಾಳು ಸಾರು ಮಾಡಿದ್ದಳು ಅವ್ವ. ಊಟ ಮಾಡಿ ಕಣದಲ್ಲೇ ಮಲಗಿದರು. ಬೆಳಿಗ್ಗೆ ಬಸ್ಸು ಹತ್ತುವಾಗ ಮಾವ ‘ಕೂಸು ಮುದ್ದಾಗದೆ ಕಣಪ್ಪ, ಸುಕ್ರವಾರ ಬಾ’ ಅಂದರು, ಅಷ್ಟೆ.

ಇನ್ನೇನು ಬರೆಯಲಿ. ನೀನು ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ. ಅತ್ತೆ ಹೇಳಿದ ಹಾಗೆ ಕೇಳು.

ಧರ್ಮೇಂದ್ರ


ಅಂತರಸಂತೆ
28-1-1997

ನಿಮಗೆ,

ನಿಮ್ಮ ಕಾಗದ ಏಕೆ ಅಷ್ಟು ಚಿಕ್ಕದು? ಪೆನ್ಸಿಲಿನವಳೇ ನಿಮಗಿಂತ ಜಾಸ್ತಿ ಬರೆಯುತ್ತೇನೆ. ಮೈಗೆ ಹುಷಾರಿಲ್ಲವೇ? ಮಳೆಯಲ್ಲಿ ನೆನೆದು ಜ್ವರ ಬಂದಿದ್ದರೆ ಅತ್ತೆಗೆ ಹೇಳಿ ಕಷಾಯ ಮಾಡಿಸಿಕೊಳ್ಳಿ.

ಅಪ್ಪ ಬಂದ ಕೂಡಲೇ ಕೇಳಿದೆ, ಮೆದೆ ಎಷ್ಟು ಹಾಳಾಗಿತ್ತು ಅಂತ. ‘ಬೋ ನೆಂದಿತ್ತು ಕಣವ್ವ. ಬಿಸ್ಲಿತ್ತಲ್ಲ, ಒಣಗಿಸಿ ಒಕ್ಕಿಕೊಟ್ಟು ಬಂದೋ’ ಅಂದರು. ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ.

ಒಂದು ಸುದ್ದಿ ಹೇಳಬೇಕು. ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅಪ್ಪ ನಿಮ್ಮಲ್ಲಿ ಉಳಿದ ರಾತ್ರಿ ಇಲ್ಲಿ ಆನೆ ಬಂದವು. ಮರಿ ಸೇರಿ ನಾಲ್ಕು. ಕಾಯುವ ಗಂಡಸರು ಯಾರೂ ಇರಲಿಲ್ಲ. ಅಮ್ಮ, ಸಣ್ಣಬೀರಯ್ಯನ ಹೆಂಡತಿ ಎಲ್ಲ ಸೇರಿ ತಗಡು ಬಡಿದರು, ಪಂಜು ಹಚ್ಚಿದರು. ಅವು ನಿಧಾನವಾಗಿ ತಿಂದು, ಉಳಿದದ್ದನ್ನು ತುಳಿದು, ಬೇಕಾದಾಗ ಹೋದವು. ನಮ್ಮ ರಾಶಿಯಲ್ಲಿ ಕಾಲು ಭಾಗವೂ ಉಳಿಯಲಿಲ್ಲ. ಸಣ್ಣಬೀರಯ್ಯನದೂ ಅರ್ಧ ಹೋಯಿತು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಒಳಗೆ ಕೂತಿದ್ದೆ. ಹೊರಗಿನ ಸದ್ದು ಕೇಳುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅಪ್ಪ ಬಂದು ಕಣ ನೋಡಿ, ಒಂದು ಬೀಡಿ ಹಚ್ಚಿಕೊಂಡು ಕೂತರು. ಅಮ್ಮ ಅಳುತ್ತಿದ್ದಳು. ‘ಅಳಬ್ಯಾಡ. ಮಗಳ ಮನೇದಾದ್ರೂ ಉಳೀತಲ್ಲ’ ಅಂದೆ ನಾನೇ. ಅಪ್ಪ ನನ್ನ ಮುಖ ನೋಡಿ ಆಮೇಲೆ ಬೇರೆ ಕಡೆ ತಿರುಗಿದರು. ಪಾಪ, ಅವರಿಗೆ ಸಂಕಟವಾಗಿತ್ತು.

ಶುಕ್ರವಾರ ಬನ್ನಿ. ಹೆಸರಿಡುವುದು ನೀವು ಬಂದ ಮೇಲೆ. ಮಗುವಿನ ಕಿವಿಯಲ್ಲಿ ತಂದೆಯೇ ಮೊದಲು ಕರೆಯಬೇಕಂತೆ. ಅಲ್ಲಿಯವರೆಗೆ ಬರೀ ‘ಕೂಸು’.

ರೂಪಶ್ರೀ


ಕಂಪಲಾಪುರ
30-1-1997

ರೂಪ,

ನಾಳೆ ಅವ್ವ ಒಬ್ಬಳೇ ಬರುತ್ತಾಳೆ. ಮಗುವಿಗೆ ಬೆಳ್ಳಿ ಕಡಗ, ಉಡಿದಾರ, ನಿನಗೆ ಸೀರೆ, ಕೊಬ್ಬರಿ, ಬೆಲ್ಲ ಎಲ್ಲ ತರುತ್ತಾಳೆ. ಜೊತೆಗೆ ಈ ಕಾಗದ. ನನಗೆ ಜ್ವರ ಅಂತ ಅವಳ ಹತ್ತಿರ ಹೇಳಿದ್ದೇನೆ. ಜ್ವರ ಇಲ್ಲ. ನಿಮ್ಮ ಮನೆಯ ಹೊಸ್ತಿಲು ತುಳಿಯುವ ಮುಖ ಇಲ್ಲ.

ಇಲ್ಲಿ ಮಳೆ ಬರಲಿಲ್ಲ ರೂಪ. ದೀಪಾವಳಿ ಕಳೆದ ಮೇಲೆ ಒಂದು ಹನಿ ಬಿದ್ದಿಲ್ಲ.

ಮಳೆ ಬಂದದ್ದು ಜೋಹಾನ್ಸ್‌ಬರ್ಗಿನಲ್ಲಿ. ಸೋಮವಾರ ಟೆಸ್ಟಿನ ಕೊನೇ ದಿನ. ಆ ದೇಶದಲ್ಲಿ ನಮ್ಮವರು ಇದುವರೆಗೆ ಒಂದು ಟೆಸ್ಟೂ ಗೆದ್ದಿಲ್ಲ. ಅವತ್ತು ಅವರ ಅರ್ಧ ಜನ ಔಟಾಗಿಬಿಟ್ಟಿದ್ದರು. ಚನ್ನಬಸವಣ್ಣನ ಅಂಗಡಿಯ ಟಿವಿ ಮುಂದೆ ಊರಿಗೆ ಊರೇ ನಿಂತಿತ್ತು. ಫೋನ್ ಬಂದಾಗ ನಾನು ಟಿವಿಗೂ ಫೋನಿಗೂ ನಡುವೆ ಸ್ಟೂಲಿನ ಮೇಲಿದ್ದೆ. ಮೊದಲನೇ ಹೆರಿಗೆ, ಬೆಳಗಾಗುವವರೆಗೆ ಆಗುವುದಿಲ್ಲ, ಕೊನೇ ಬಸ್ಸಿಗೆ ಹೋದರಾಯಿತು ಅಂದುಕೊಂಡೆ. ಅವ್ವನಿಗೂ ಹೇಳಲಿಲ್ಲ, ಹೇಳಿದರೆ ಕಿವಿ ಹಿಡಿದು ಎಬ್ಬಿಸಿ ಕಳಿಸುತ್ತಿದ್ದಳು. ಆಟದ ಬಿಸಿಯಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಎದ್ದು ಹೊರಗೆ ಬಂದರೆ ಬಸ್ಸು ತಪ್ಪಿಹೋಗಿತ್ತು. ಆಮೇಲೆ ಅಲ್ಲಿ ಮಳೆ ಹಿಡಿಯಿತು. ಮಳೆ ನಿಲ್ಲಲಿ ಅಂತ ನಮ್ಮ ಮಸಣಿಕಮ್ಮನಿಗೆ ಒಂಬತ್ತು ತೆಂಗಿನಕಾಯಿ ಹರಕೆ ಹೊತ್ತೆ. ಪಿರಿಯಾಪಟ್ಟಣದ ದೇವತೆಗೆ ಆಫ್ರಿಕಾದ ಮೋಡದ ಮೇಲೆ ಏನು ಅಧಿಕಾರವೋ ನನಗೆ ತಿಳಿಯದು. ಕೊನೆಗೆ ಗೆಲ್ಲಲೂ ಇಲ್ಲ.

ಬೆಳಿಗ್ಗೆ ಕಾಗದ ಬರೆಯಲು ಕೂತಾಗ ಏನು ನೆಪ ಹೇಳುವುದೋ ತೋಚಲಿಲ್ಲ. ತಲೆಯೊಳಗೆ ಮಳೆಯೇ ತುಂಬಿತ್ತು, ಅದೇ ಬರೆದುಬಿಟ್ಟೆ. ಬರೀ ಮಳೆ ಅಂದರೆ ನಂಬುವುದಿಲ್ಲವೆಂದು ಮೆದೆಯನ್ನೂ ನೆನೆಸಿದೆ. ಸುಗ್ಗಿಯಲ್ಲಿ ಕಣ ನೆನೆಯಿತು ಅಂದರೆ ಬೀಗರು ಸುಮ್ಮನಿರುವುದಿಲ್ಲ ಅನ್ನುವ ಬುದ್ಧಿ, ರೈತನ ಮಗನಾಗಿ ಹುಟ್ಟಿದ ನನಗೆ, ಇರಲಿಲ್ಲ.

ಅವರು ಬಸ್ಸಿಳಿದು ಟಾರ್ಪಾಲು ಹೊತ್ತು ಬಂದರು. ಅವ್ವ ಹೊರಗೆ ಬಂದು, ‘ಬನ್ನಿ ಬೀಗ್ರೆ, ಏನ್ ಇಷ್ಟ್ ಜನ?’ ಅಂದಳು. ದಾಸಯ್ಯ, ‘ಮೆದೆ ನೆಂದೋಯ್ತಂತಲ್ಲವ್ವಾ’ ಅಂದ. ‘ಮಳೆಯಾ? ಈ ಬಿಸ್ಲಲ್ಲಿ ಎಲ್ಲಿ ಮಳೆ ಕಣಪ್ಪಾ?’ ಅಂತ ಅವ್ವ ನಕ್ಕಳು. ಎಂಟು ಜನವೂ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಹೋಗುತ್ತಿದ್ದೆ. ಮಾವ ಮೆದೆಯಿಂದ ಒಂದು ಹಿಡಿ ತೆನೆ ಎಳೆದು, ಅಂಗೈಯಲ್ಲಿ ತಿಕ್ಕಿ, ಊದಿ, ಕಾಳು ಬಾಯಿಗೆ ಹಾಕಿಕೊಂಡರು. ಕಟಕಟ ಅಂದಿತು. ನನ್ನ ಕಡೆ ನೋಡಲಿಲ್ಲ. ‘ನಡೀರ್ಲಾ, ಬಂದದ್ದಾಗದೆ, ಒಕ್ಕಿ ಕೊಟ್ಬುಟ್ಟು ಓಗನ’ ಅಂದರು. ಇಡೀ ದಿನ ಒಣ ಧೂಳಿನಲ್ಲಿ ನನ್ನ ಮನೆಯ ಕೆಲಸ ಮಾಡಿದರು. ಒಬ್ಬರೂ ಒಂದು ಮಾತು ಕೇಳಲಿಲ್ಲ.

ಅದೇ ರಾತ್ರಿ ನಿಮ್ಮ ಕಣಕ್ಕೆ ಆನೆ ಬಂದವು. ಬಂದು ತಿಂದದ್ದು ನನ್ನ ಸುಳ್ಳಿನಿಂದ. ಮಾವ ನಿನಗೆ ‘ಬೋ ನೆಂದಿತ್ತು’ ಅಂದರಲ್ಲ, ಅದು ನನ್ನ ಮಾನ ಉಳಿಸುವುದಕ್ಕೆ. ಅದನ್ನು ಓದಿದ ಮೇಲೆ ನನಗೆ ಅನ್ನ ಇಳಿದಿಲ್ಲ.

ಬೈದು ಬರಿ. ಎಷ್ಟು ಬೇಕಾದರೂ ಬೈದು ಬರಿ.

ಧರ್ಮೇಂದ್ರ


ಕಂಪಲಾಪುರ
12-2-1997

ರೂಪ,

ಹದಿಮೂರು ದಿನವಾಯಿತು. ಅವ್ವ ಬಂದು ಹೇಳಿದಳು, ನೀನು ಕಾಗದ ತೆಗೆದುಕೊಂಡು ದಿಂಬಿನ ಕೆಳಗಿಟ್ಟೆಯಂತೆ, ಆಮೇಲೆ ಅವಳ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲವಂತೆ. ‘ಏನ್ಲಾ ಮಾಡ್ದೆ ಆ ಉಡ್ಗಿಗೆ?’ ಅಂತ ದಿನಾ ಕೇಳುತ್ತಾಳೆ. ಬಾಣಂತನ ಮುಗಿದ ಮೇಲೆ ನೀನು ಈ ಮನೆಗೆ ಬರುತ್ತೀಯೋ ಇಲ್ಲವೋ, ಅದೊಂದು ಹೇಳು. ಖಾಲಿ ಕಾಗದ ಕಳಿಸಿದರೂ ನಿನ್ನ ಕೈಯಿಂದ ಬಂತಲ್ಲ ಅಂದುಕೊಳ್ಳುತ್ತೇನೆ.

ಧರ್ಮೇಂದ್ರ


ಅಂತರಸಂತೆ
20-2-1997

ಧರ್ಮೇಂದ್ರ ಅವರಿಗೆ,

ಹೆಸರು ಬರೆದಿದ್ದೇನೆ. ಗಂಡನ ಹೆಸರು ಹಿಡಿದರೆ ಆಯಸ್ಸು ಕಮ್ಮಿಯಾಗುತ್ತದೆ ಅನ್ನುತ್ತಾಳೆ ಅಮ್ಮ. ಅಷ್ಟು ನೋಡಿಕೊಂಡು ಬರೆಯುವ ಮನಸ್ಸು ಈಗ ನನಗಿಲ್ಲ.

ನಿಮಗೆ ನಾನು ಒಂದು ವಿಷಯ ಬರೆದಿರಲಿಲ್ಲ. ಮಳೆಯಲ್ಲಿ ಒದ್ದಾಡಿದ್ದಾರೆ, ಹೆದರಿಸುವುದು ಬೇಡ ಎಂದು ಬಿಟ್ಟಿದ್ದೆ. ಸೋಮವಾರ ರಾತ್ರಿ ಮಗು ತಿರುಗಿರಲಿಲ್ಲ. ಆಪರೇಷನ್ ಬೇಕಾಗಬಹುದು, ಗಂಡ ಸಹಿ ಹಾಕಬೇಕು ಅಂದರು ಡಾಕ್ಟರು. ಎಲ್ಲಿ ಅಂದರು. ಬರುತ್ತಾರೆ ಅಂದೆ. ಒಂಬತ್ತು ಗಂಟೆಗೆ ಕೇಳಿದರು, ಹನ್ನೊಂದಕ್ಕೆ ಕೇಳಿದರು. ಕೊನೆಗೆ ಅಪ್ಪ ಹೆಬ್ಬೆಟ್ಟು ಒತ್ತಿದರು. ಶಾಯಿ ಕಾಗದದ ತುಂಬ ಹರಡಿತು, ಇನ್ನೊಂದು ಕಾಗದ ತಂದು ಮತ್ತೆ ಒತ್ತಿಸಿದರು. ಬೆಳಗಿನ ಜಾವ ದೇವರು ಕಣ್ಣು ಬಿಟ್ಟ, ಆಪರೇಷನ್ ಬೇಕಾಗಲಿಲ್ಲ.

ಒಂಬತ್ತು ಕಾಯಿ ಹರಕೆ ಹೊತ್ತಿರಿ. ಅದರಲ್ಲಿ ಒಂದಾದರೂ ನನ್ನ ಹೆಸರಿನಲ್ಲಿ ಇತ್ತೇ?

ನಿಮ್ಮ ಕಾಗದವನ್ನು ಹತ್ತು ದಿನ ಯಾರಿಗೂ ತೋರಿಸಲಿಲ್ಲ. ಆಮೇಲೆ ಅಪ್ಪನನ್ನು ಕೂರಿಸಿಕೊಂಡು ಪೂರ್ತಿ ಓದಿದೆ. ‘ಗೊತ್ತು ಕಣವ್ವ’ ಅಂದರು. ನನಗೇಕೆ ಸುಳ್ಳು ಹೇಳಿದಿರಿ ಅಂದೆ. ‘ಆಲೂಡ್ಸೋಳಿಗೆ ಇಂತಾವೆಲ್ಲ ಯೇಳ್ತಾರಾ? ಎದೆ ಆಲು ಬತ್ತೋಯ್ತದೆ’ ಅಂದರು. ನೀವೊಂದು ಮಳೆ ಸುರಿಸಿದಿರಿ, ಅವರು ಅದನ್ನು ಒಣಗಿಸಿ ಬಂದರು. ಇಬ್ಬರ ನಡುವೆ ನಾನೊಬ್ಬಳು, ‘ಮಗಳ ಮನೆಯದಾದರೂ ಉಳಿಯಿತಲ್ಲ’ ಎಂದು ಅಮ್ಮನಿಗೆ ಸಮಾಧಾನ ಹೇಳಿದ ದಡ್ಡಿ. ಆ ಮಾತು ನೆನೆದರೆ ನನಗೇ ನಾಚಿಕೆಯಾಗುತ್ತದೆ. ಸಣ್ಣಬೀರಯ್ಯನ ಹೆಂಡತಿ ದಿನಾ ಬಂದು ಮಗುವಿಗೆ ಎಣ್ಣೆ ಹಚ್ಚುತ್ತಾಳೆ. ಅವರ ಅರ್ಧ ಭತ್ತ ಯಾಕೆ ಹೋಯಿತು ಅಂತ ಅವಳಿಗೆ ಗೊತ್ತು. ನಾನು ಅವಳ ಮುಖ ನೋಡಲಾರದೆ ಗೋಡೆ ಕಡೆ ತಿರುಗಿ ಮಲಗುತ್ತೇನೆ.

ಬರುತ್ತೀಯೋ ಇಲ್ಲವೋ ಎಂದು ಕೇಳಿದಿರಿ. ಗೊತ್ತಿಲ್ಲ. ಮೊದಲು ಮುಯ್ಯಿ ತೀರಿಸಿ. ಎಂಟು ಜನ ಒಂದೊಂದು ದಿನ ದುಡಿದಿದ್ದಾರೆ. ಎಂಟು ಮನೆಗೆ ಒಂದೊಂದು ದಿನ ನೀವು ದುಡಿಯಬೇಕು. ದುಡಿಯುವ ಮುಂಚೆ ಮಳೆ ಎಲ್ಲಿ ಬಂತು ಅಂತ ಅವರವರ ಜಗುಲಿಯ ಮೇಲೆ ನಿಂತು ನಿಮ್ಮ ಬಾಯಲ್ಲೇ ಹೇಳಬೇಕು. ಅದು ತೀರುವವರೆಗೆ ನಮ್ಮ ಮನೆ ಮೆಟ್ಟಿಲು ಹತ್ತಬೇಡಿ. ಮಗುವನ್ನೂ ಕೇಳಬೇಡಿ.

ರೂಪಶ್ರೀ


ಕಂಪಲಾಪುರ
18-3-1997

ರೂಪ,

ಏಳು ಮುಯ್ಯಿ ತೀರಿತು! ನೀನು ಕಿಟಕಿಯಿಂದ ನೋಡಿರಬಹುದು, ನಾನಂತೂ ನಿಮ್ಮ ಮನೆಯ ಕಡೆ ತಲೆ ಎತ್ತಲಿಲ್ಲ. ಸಣ್ಣಬೀರಯ್ಯನ ಜಗುಲಿಯಲ್ಲೇ ಮಲಗುತ್ತಿದ್ದೆ.

ಮೊದಲ ದಿನ ಅವನದೇ. ಗೊಬ್ಬರದ ಗಾಡಿ ಹೊಡೆಯುವುದು. ಹತ್ತು ನಿಮಿಷ ಕಂಬ ಹಿಡಿದು ನಿಂತಿದ್ದೆ. ಹೇಳಿದ ಮೇಲೆ ಅವನು ಗುದ್ದಲಿ ಕೈಗೆ ಕೊಟ್ಟ, ಅಷ್ಟೆ. ಎರಡನೇ ಮನೆ, ಮೂರನೇ ಮನೆಯಲ್ಲೂ ಬೆವರು ಕಿತ್ತು ಬಂತು. ದಾಸಯ್ಯನ ಮನೆಗೆ ಬರುವಷ್ಟರಲ್ಲಿ ಸ್ವಲ್ಪ ಧೈರ್ಯ ಬಂದಿತ್ತು. ಅವನು ಕೇಳಿದ, ‘ಅಲ್ಲಿ ಕಣಕ್ಕೂ ಟಾರ್ಪಾಲು ಮುಚ್ತಾರಾ?’ ಅಂತ. ಮುಚ್ಚುತ್ತಾರೆ, ಇಪ್ಪತ್ತು ಜನ ಓಡಿ ಬಂದು ಎಳೆಯುತ್ತಾರೆ ಅಂದೆ. ‘ಅಂಗಾರೆ ಅವ್ರಿಗೂ ಮುಯ್ಯಾಳು ಕಳಿಸ್ಬೋದಿತ್ತು ಕಣ್ಲಾ!’ ಅಂದ. ಬೇಲಿ ಕಟ್ಟುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲಿನ ಮನೆಗಳಲ್ಲಿ ನಾನು ಹೇಳುವುದಕ್ಕೆ ಮುಂಚೆಯೇ ಜನ ಸೇರಿರುತ್ತಿದ್ದರು. ಮಸಣಿಕಮ್ಮನ ಹರಕೆಯನ್ನು ಎರಡೆರಡು ಸಲ ಹೇಳಿಸಿದರು. ಈಗ ನಿಮ್ಮೂರಿನಲ್ಲಿ ನನ್ನ ಹೆಸರು ‘ಮಳೆರಾಯ’.

ಎಂಟನೆಯದು ಮಾವನದು. ಬೆಳಿಗ್ಗೆ ಹೊಲಕ್ಕೇ ಹೋಗಿ ನಿಂತೆ. ನೇಗಿಲು ಬಿಡಲೇ ಇಲ್ಲ. ‘ನಂದು ಇರ್ಲಿ ಬುಡಪ್ಪ’ ಅಂದರು. ದೊಡ್ಡ ಮನಸ್ಸು ಅವರದು.

ಹಾಗಾದರೆ ಲೆಕ್ಕ ಚುಕ್ತಾ ಆಯಿತು ತಾನೇ? ಯುಗಾದಿಗೆ ಬಂದು ಮಗುವಿಗೆ ಹೆಸರಿಡಲೇ? ಅವ್ವ ತೊಟ್ಟಿಲು ತೊಳೆದು ಇಟ್ಟಿದ್ದಾಳೆ.

ನಿನ್ನ,
ಧರ್ಮೇಂದ್ರ


ಅಂತರಸಂತೆ
24-3-1997

ಧರ್ಮೇಂದ್ರ ಅವರಿಗೆ,

ಕಿಟಕಿಯಿಂದ ನೋಡಿದ್ದು ನಿಜ. ಮೊದಲ ದಿನ ಗೊಬ್ಬರದ ಮಂಕರಿ ಹೊತ್ತು ಹೋಗುವಾಗ ನಿಮ್ಮ ಬೆನ್ನು ಕಂಡು ಅತ್ತೆ. ಸಾಕು, ಕರೆದುಬಿಡೋಣ ಎಂದು ಬಾಗಿಲವರೆಗೆ ಬಂದಿದ್ದೆ. ಅಮ್ಮನೇ ತಡೆದಳು.

ನಾಲ್ಕನೇ ದಿನ ದಾಸಯ್ಯನ ಹಿತ್ತಲಿನಿಂದ ನಗು ಕೇಳಿಸಿತು. ನಿಮ್ಮ ನಗು ಎಲ್ಲರಿಗಿಂತ ಜೋರಾಗಿತ್ತು. ಆರನೇ ಮನೆಯಲ್ಲಿ ಹುಡುಗರೆಲ್ಲ ಬಂದು ಕೂತಿದ್ದರು. ನೀವು ಕಾಮೆಂಟರಿ ಹೇಳುವವರ ಹಾಗೆ ಹೇಳುತ್ತಿದ್ದಿರಂತೆ, ‘ಇತ್ತ ಹೆಂಡ್ತಿಗೆ ನೋವು, ಅತ್ತ ಆರನೇ ವಿಕೆಟ್ಟು’ ಅಂತ. ಸಣ್ಣಬೀರಯ್ಯನ ಹೆಂಡತಿ ಬಂದು ಹೇಳಿದಳು. ಅವಳು ನಗಲಿಲ್ಲ.

ನಾಚಿಕೆಪಟ್ಟುಕೊಂಡು ಹೇಳಿ ಅಂದರೆ ನಗಿಸುವ ಕಥೆ ಮಾಡಿಕೊಂಡಿರಿ. ಮೂರು ಮನೆ ದಾಟುವುದರೊಳಗೆ ನಿಮ್ಮ ನಾಚಿಕೆ ತೀರಿತು. ನಾನು ಬಾಗಿಲು ನೋಡುತ್ತಾ ಮಲಗಿದ್ದ ರಾತ್ರಿ ಈ ಊರಿನ ಹುಡುಗರಿಗೆ ತಮಾಷೆಯಾಯಿತು. ಅಪ್ಪ ನಿಮ್ಮ ಮುಯ್ಯಿ ಬೇಡ ಅಂದದ್ದು ದೊಡ್ಡ ಮನಸ್ಸಿನಿಂದ ಎಂದುಕೊಂಡಿದ್ದೀರಿ. ಅವರನ್ನು ಕೇಳಿದೆ. ‘ನನ್ ಮುಂದೆ ಅವ್ನು ನಗಾಡ್ಕೊಂಡು ಯೇಳೋದ ಕೇಳಕ್ಕೆ ನನ್ ಕೈಲಾಗಾಕಿಲ್ಲ’ ಅಂದರು.

ಏಳು ಮನೆಯಲ್ಲಿ ಬಾಯಿಬಿಟ್ಟು ಹೇಳಿದಿರಿ. ನನಗೆ ಮಾತ್ರ ಕಾಗದದಲ್ಲಿ ಬರೆದು ನಿಮ್ಮ ತಾಯಿಯ ಕೈಲಿ ಕಳಿಸಿದಿರಿ. ನನ್ನ ಎದುರಿಗೆ ಇನ್ನೂ ಹೇಳಿಲ್ಲ. ಬನ್ನಿ. ಬಂದು, ನನ್ನ ಮುಖ ನೋಡಿಕೊಂಡು, ಮೊದಲಿನಿಂದ ಹೇಳಿ. ನಗಿಸಬೇಡಿ. ಕೇಳಿದ ಮೇಲೆ ಬರುವುದೋ ಬಿಡುವುದೋ ನಾನು ಹೇಳುತ್ತೇನೆ. ಮಗುವಿನ ಹೆಸರು ಆಮೇಲೆ.

ರೂಪಶ್ರೀ


ಕಂಪಲಾಪುರ
28-3-1997

ರೂಪ,

ಇದನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ನಾನೇ ತರುತ್ತೇನೆ. ಬಾಯಲ್ಲೇ ಹೇಳುತ್ತೇನೆ. ನಿನ್ನ ಮುಖ ಕಂಡ ಮೇಲೆ ನನ್ನ ನಾಲಿಗೆ ಎತ್ತ ಹೊರಳುತ್ತದೋ ನನಗೇ ನಂಬಿಕೆ ಇಲ್ಲ. ಹೊರಳಿದರೆ ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ, ನೀನೇ ಓದು.

ಹರಕೆಯಲ್ಲಿ ನಿನ್ನ ಹೆಸರು ಇರಲಿಲ್ಲ.

ಇನ್ನೊಂದು ಇದೆ. ನಿನಗೆ ಬರೆದ ಕಾಗದದಲ್ಲೂ, ಏಳು ಜಗುಲಿಗಳಲ್ಲೂ, ಬಸ್ಸು ತಪ್ಪಿಹೋಗಿತ್ತು ಅಂದೆ. ತಪ್ಪಲಿಲ್ಲ. ಐದೂ ಮುಕ್ಕಾಲಿಗೆ ಬಂದು ಅಂಗಡಿಯ ಮುಂದೆಯೇ ನಿಂತಿತು. ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಗ್ಗಿ, ‘ಕೋಟೆಗೆ ಯಾರಾರ ಇದ್ದೀರೇನ್ರಪ್ಪಾ?’ ಅಂತ ಕೂಗಿದ. ನಾನು ತಿರುಗಿ ನೋಡಿದೆ. ಅವನೂ ನನ್ನನ್ನೇ ನೋಡಿದ. ‘ಯಾರೂ ಇಲ್ಲ, ಓಗು’ ಅಂತ ಕೈ ಆಡಿಸಿದೆ.

ಆಟದ ಬಿಸಿ ಅಂತ ಬರೆದಿದ್ದೆನಲ್ಲ, ಅದೂ ಸುಳ್ಳು. ಬಸ್ಸು ಬಂದಾಗ ಆಟ ನಿಂತು ಒಂದು ಗಂಟೆಯಾಗಿತ್ತು. ಆಟಗಾರರು ಒಳಗೆ ಹೋಗಿದ್ದರು. ಟಿವಿಯಲ್ಲಿ ಮೈದಾನಕ್ಕೆ ಹೊದಿಸಿದ ಟಾರ್ಪಾಲು, ಅದರ ಮೇಲೆ ಸುರಿಯುವ ಮಳೆ, ಅಷ್ಟು ಬಿಟ್ಟರೆ ಏನೂ ಇರಲಿಲ್ಲ. ನೀನು ಬಾಗಿಲು ನೋಡುತ್ತಿದ್ದಾಗ ನಾನು ಅದನ್ನು ನೋಡಿಕೊಂಡು ಕೂತಿದ್ದೆ.

ಧರ್ಮೇಂದ್ರ